ಮುಂಬುಟ್ಟಿ

"ಬುದ್ಧಿ, ನನಗೆ ಅಲ್ಲಿ ಸೀಟು ಸಿಗುವ ಸಂಭವ ಎಷ್ಟು?"

ಬೆಟ್ಟದ ಮಠದ ಸ್ವಾಮಿಗಳಿಗೆ ಗುರುಪಾದ ಹಾಕಿದ ಪ್ರಶ್ನೆ ಇದು. ಗುರುಪಾದ ಮಠದ ಪ್ರಸಾದ ನಿಲಯದಲ್ಲಿ ಇದ್ದುಕೊಂಡು ಎರಡನೆಯ ಪಿಯುಸಿ ಓದುತ್ತಿದ್ದ. ಅವನು 'ಅಲ್ಲಿ' ಎಂದದ್ದು ದೂರದ ಒಂದು ವಿಶ್ವವಿದ್ಯಾಲಯಕ್ಕೆ. ಸಾವಿರಾರು ಮಂದಿ ಅರ್ಜಿ ಹಾಕುವ, ಕೆಲವರನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಜಾಗ ಅದು. ಪ್ರಾಣಿಗಳ ವಿಷಯವನ್ನೇ ಓದಬೇಕೆಂದು ಚಿಕ್ಕಂದಿನಿಂದ ಹಟ ಹಿಡಿದಿದ್ದ ಹುಡುಗನಿಗೆ ಅದನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆ ಶಾಲೆಯೇ ಇರಲಿಲ್ಲ.

ಅಲ್ಲಿ ಎರಡು ಸರದಿ. ಎಲ್ಲರಿಗಿಂತ ಮೊದಲೇ ಅರ್ಜಿ ಹಾಕಬಹುದು. ಆದರೆ ತೆಗೆದುಕೊಂಡರೆ ಬೇರೆಲ್ಲೂ ಹೋಗುವುದಿಲ್ಲವೆಂದು ಮಾತು ಕೊಡಬೇಕು. ಇಲ್ಲವೇ ಎರಡು ತಿಂಗಳು ಕಾದು ಎಲ್ಲರ ಜೊತೆಗೆ ಹಾಕಬಹುದು. ಮೊದಲು ಹಾಕಿದವರಲ್ಲಿ ಮೂವರಿಗೊಬ್ಬರಂತೆ ಸೀಟು ಸಿಕ್ಕಿದೆ, ಆಮೇಲೆ ಹಾಕಿದವರಲ್ಲಿ ಹತ್ತು ಮಂದಿಗೆ ಒಬ್ಬರಂತೆಯೂ ಸಿಕ್ಕಿಲ್ಲ ಎಂದು ಗುರುಪಾದ ಪತ್ತೆ ಮಾಡಿದ್ದ. ಹಾಗಾದರೆ ಮೊದಲೇ ಹಾಕುವುದೇ ಲೇಸಲ್ಲವೇ? ಹಾಕಿದರೆ ತನ್ನಂಥವನಿಗೆ ಎಷ್ಟು ಪಾಲು? ಇದನ್ನು ಅವನು ಕಾಲೇಜಿನ ಉಪನ್ಯಾಸಕರನ್ನು ಕೇಳಿದ. ಓದು ಮುಗಿಸಿ ಹೋದ ಹಿರಿಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಕೇಳಿದ. ಅಂಕ ತುಂಬಿದರೆ ಸಂಭವ ಹೇಳುವ ವೆಬ್‌ಸೈಟುಗಳಿವೆಯಂತೆ, ಅವುಗಳಲ್ಲಿ ತುಂಬಿದ. ಒಂದು ವೆಬ್‌ಸೈಟು ನೂರಕ್ಕೆ ನಲವತ್ತು ಎಂದಿತು, ಇನ್ನೊಂದು ಹನ್ನೊಂದು ಎಂದಿತು. ಅಮಾವಾಸ್ಯೆಗೆ ಮಠಕ್ಕೆ ಬರುವ ಜೋಯಿಸರನ್ನೂ ಬಿಡಲಿಲ್ಲ. ಅವರು ಗುರುಬಲ ಚೆನ್ನಾಗಿದೆ ಎಂದರು. ಅದಕ್ಕೇ ಈಗ ಗುರುಗಳ ಹತ್ತಿರ ಬಂದಿದ್ದ.

ಸ್ವಾಮಿಗಳು ನಕ್ಕರು. ಅಲ್ಲಿಯವರು ಏನೇನು ಕೇಳುತ್ತಾರೆ ಎಂದು ವಿಚಾರಿಸಿದರು. ಅಂಕಗಳ ಜೊತೆಗೆ ಸ್ವಂತವಾಗಿ ಮಾಡಿದ ಒಂದು ಕೆಲಸವನ್ನೂ ಕೇಳುತ್ತಾರೆ ಎಂದು ಗುರುಪಾದ ಹೇಳಿದ. ಆ ಕೆಲಸ ಯಾವುದೆಂದು ಸ್ವಾಮಿಗಳಿಗೆ ಗೊತ್ತಿತ್ತು. ಮಠದ ಕೆರೆಯಲ್ಲಿ ಎಷ್ಟು ಬಗೆಯ ಕಪ್ಪೆಗಳಿವೆ, ಯಾವುದು ಯಾವಾಗ ಕೂಗುತ್ತದೆ, ಯಾವ ಕೂಗಿಗೆ ಯಾವುದು ಓಗೊಡುತ್ತದೆ ಎಂದು ಮೊದಲ ಮಳೆಯಿಂದ ಸಂಜೆ ಸಂಜೆ ದಡದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಹುಡುಗ ಇವನೇ. ಆ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು. ಸ್ವಲ್ಪ ನಿಂತಿದೆ ಬುದ್ಧಿ, ಸಂಭವ ಎಷ್ಟೆಂದು ಒಮ್ಮೆ ಖಚಿತವಾದರೆ ಕೂತು ಮುಗಿಸಿಬಿಡುತ್ತೇನೆ ಎಂದ ಗುರುಪಾದ.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಲೆಕ್ಕ ಹಾಕಬೇಡ," ಎಂದರು ಸ್ವಾಮಿಗಳು. ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ರೈತ, ಅವನಿಗೊಬ್ಬಳು ಹೆಂಡತಿ. ಇಬ್ಬರೂ ರೇಷ್ಮೆಹುಳ ಸಾಕುವವರು. ಹಿಪ್ಪುನೇರಳೆ ತೋಟ ಅವನದು, ಹುಳದ ಮನೆ ಅವಳದು. ಸೊಪ್ಪು ತಂದು ಹೊಸ್ತಿಲಿಗೆ ಹಾಕುವ ತನಕ ಅವನ ಕಾರುಬಾರು. ಹೊಸ್ತಿಲು ದಾಟಿದರೆ ಅವಳು ಹೇಳಿದ್ದೇ ಶಾಸನ. ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ, ಬೀಡಿ ಸೇದಿದ ಬಾಯಲ್ಲಿ ಬರುವ ಹಾಗಿಲ್ಲ, ಒಗ್ಗರಣೆಯ ವಾಸನೆ ಕೂಡ ಅತ್ತ ಸುಳಿಯುವ ಹಾಗಿಲ್ಲ. ಬಾಣಂತಿ ಕೋಣೆಯನ್ನೂ ಯಾರೂ ಅಷ್ಟು ಮಡಿಯಲ್ಲಿ ಇಡುವುದಿಲ್ಲ. ರೈತ ಗೊಣಗಿಕೊಂಡೇ ಕಾಲು ತೊಳೆಯುತ್ತಿದ್ದ. ಆದರೆ ಹೆಂಡತಿಯ ಕೈಗುಣದ ಮೇಲೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು.

ಎಷ್ಟು ಕೈಗುಣ ಇದ್ದರೇನು, ಮೊಟ್ಟೆ ಕೆಟ್ಟದಾದರೆ? ಹುಳಕ್ಕೆ ಗಂಟು ರೋಗ ಎಂದು ಒಂದಿದೆ. ಅದು ತಾಯಿಯಿಂದ ಮೊಟ್ಟೆಗೆ ಬರುವ ಪಿಡುಗು. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ಹುಳ ದೊಡ್ಡದು, ಒಂದು ಸಣ್ಣದು. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ಗೂಡು ಕಟ್ಟುವ ಹೊತ್ತಿಗೆ ತಟ್ಟೆ ತಟ್ಟೆಯೇ ಸತ್ತು ಬಿದ್ದಿರುತ್ತದೆ. ಹಿಂದಿನ ಎರಡು ಬೆಳೆಯೂ ಅವರಿಗೆ ಹಾಗೇ ಹೋಗಿತ್ತು. ಹಗಲಿರುಳು ಸೊಪ್ಪು ಹಾಕಿ ಸಾಕಿದ್ದನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿಗೆ ಸುರಿದು ಬರಬೇಕಾಯಿತು. ಎರಡನೆಯ ಸಲ ಹೆಂಡತಿ ಗುಂಡಿಯ ಪಕ್ಕದಲ್ಲೇ ಕೂತು ಅತ್ತಳು. ಇನ್ನೊಮ್ಮೆ ಹೀಗಾದರೆ ನಾನು ಹುಳ ಮುಟ್ಟುವುದಿಲ್ಲ ಎಂದಳು.

ಹೊಳೆಯಾಚೆಯ ಪಟ್ಟಣದಲ್ಲಿ ಒಂದು ನೂಲಿನ ಮನೆ ಇತ್ತು. ಗೂಡಿನಿಂದ ರೇಷ್ಮೆ ಎಳೆ ಬಿಚ್ಚಿ ಪಟ್ಟೆ ನೂಲು ಮಾಡುವ ದೊಡ್ಡ ಮನೆತನ. ಅವರು ಕಂಡಕಂಡವರ ಗೂಡು ಕೊಳ್ಳುತ್ತಿರಲಿಲ್ಲ. ತಮ್ಮದೇ ಒಕ್ಕಲುಗಳನ್ನು ಇಟ್ಟುಕೊಂಡಿದ್ದರು. ಒಮ್ಮೆ ಆ ಮನೆಯ ಒಕ್ಕಲಾದರೆ ಮುಗಿಯಿತು. ಪ್ರತಿ ಬೆಳೆಗೂ ಅವರೇ ತಾಯಿ ಚಿಟ್ಟೆಯನ್ನು ಪರೀಕ್ಷೆ ಮಾಡಿ, ರೋಗವಿಲ್ಲದ ಮೊಟ್ಟೆ ಕೊಡುತ್ತಿದ್ದರು. ಆ ಒಕ್ಕಲುಗಳ ಮನೆಯಲ್ಲಿ ಹುಳ ಸುರಿಯುವ ಗುಂಡಿಯೇ ಇರಲಿಲ್ಲ. ರೈತನಿಗೆ ಬೇಕಾಗಿದ್ದದ್ದು ಅದೊಂದೇ. ಹೆಂಡತಿ ಇನ್ನೊಮ್ಮೆ ಆ ಗುಂಡಿಯ ಪಕ್ಕದಲ್ಲಿ ಕೂರಬಾರದು.

ಆ ಸಲ ಹೆಂಡತಿ ತವರಿಗೆ ಹೋಗಿ ಅಣ್ಣನ ಮನೆಯಿಂದ ಮೊಟ್ಟೆ ತಂದಿದ್ದಳು. ಚೊಕ್ಕ ಮೊಟ್ಟೆ. ಅಣ್ಣ ಹುಳದ ಕೆಲಸ ಬಿಡುವವನಿದ್ದ, ಆದ್ದರಿಂದ ಮುಂದೆ ಅಲ್ಲಿಂದ ಸಿಗುವ ಹಾಗಿರಲಿಲ್ಲ. ಹುಳ ಒಂದೇ ಸಮ ಬೆಳೆಯಿತು. ನಾಲ್ಕು ಜ್ವರ ಕಳೆಯಿತು. ಹುಳ ಸೊಪ್ಪು ಬಿಟ್ಟು, ತಲೆ ಬಗ್ಗಿಸಿ, ಪೊರೆ ಕಳಚುವುದಕ್ಕೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳ ತೋಟವನ್ನೇ ನುಂಗುವ ಹಾಗೆ ತಿಂದು ಹಣ್ಣಾಯಿತು. ಹೆಂಡತಿ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಟ್ಟಳು. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿರುತ್ತಾರಲ್ಲ, ಅದು. ಆ ಸಂದಿಯಲ್ಲಿ ಕೂತು ಹುಳ ಗೂಡು ನೇಯುತ್ತದೆ. ಮೂರು ದಿನದಲ್ಲಿ ಚಂದ್ರಿಕೆ ತುಂಬ ಗೂಡು. ಅಂಥ ಗೂಡನ್ನು ಅವರ ಹುಳದ ಮನೆ ಕಂಡಿರಲಿಲ್ಲ. ಗಟ್ಟಿ, ದುಂಡಗೆ, ಹಿಡಿದರೆ ಕೈಗೆ ತೂಕ ಗೊತ್ತಾಗುವಂಥದು. ಹೆಂಡತಿ ದೃಷ್ಟಿ ತೆಗೆದಳು.

ನೂಲಿನ ಮನೆಯಲ್ಲಿ ಹೊಸ ಒಕ್ಕಲನ್ನು ಸೇರಿಸಿಕೊಳ್ಳುವುದಕ್ಕೆ ಒಂದು ಪದ್ಧತಿ ಇತ್ತು. ಬೆಳೆಗೆ ಎರಡು ದಿನ ಬಾಗಿಲು ತೆರೆಯುತ್ತಿದ್ದರು. ಮೊದಲನೆಯದು ಮುಂಬುಟ್ಟಿ, ಕೆಲವು ದಿನ ಬಿಟ್ಟು ಹಿಂಬುಟ್ಟಿ. ಯಾವುದಕ್ಕೆ ಹೋದರೂ ಆ ಮನೆಯವರೇ ಮುಂಚಿತವಾಗಿ ಕೊಟ್ಟ ಬುಟ್ಟಿಯ ತುಂಬ ಗೂಡು ತರಬೇಕು, ಅಂಚಿಗೆ ಒಂದು ಬೆರಳೂ ಕಡಮೆ ಇರಬಾರದು. ಒಂದೇ ಸಲಕ್ಕೆ ಬೇಯಿಸಿ ನೂಲು ಬಿಚ್ಚುವ ಅಳತೆ ಅದು. ಮುಂಬುಟ್ಟಿಗೆ ಬಂದವನು ಬುಟ್ಟಿಯ ಮೇಲೆ ಕೈಯಿಟ್ಟು, ನೀವು ಒಪ್ಪಿದರೆ ಇನ್ನೊಂದು ಬಾಗಿಲು ತಟ್ಟುವುದಿಲ್ಲ ಎಂದು ಹೇಳಬೇಕು. ಅವರು ಒಪ್ಪದಿದ್ದರೆ ಆ ಬೆಳೆಗೆ ಹಿಂಬುಟ್ಟಿಯೂ ಇಲ್ಲ. ಇಷ್ಟೇ ನಿಯಮ.

ಸಂತೆಯಲ್ಲಿ ರೈತನಿಗೆ ಒಂದು ಸುದ್ದಿ ಸಿಕ್ಕಿತು. ಮುಂಬುಟ್ಟಿಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಕ್ಕಲಾಗುತ್ತಾರಂತೆ, ಹಿಂಬುಟ್ಟಿಗೆ ಹೋದವರಲ್ಲಿ ಯಾರೋ ಒಬ್ಬಿಬ್ಬರಂತೆ. ರೈತ ಕುಣಿದುಕೊಂಡು ಮನೆಗೆ ಬಂದ. ಮೊದಲು ಹೋದವನಿಗೇ ಬಾಗಿಲು ತೆರೆಯುವುದು, ನಾವೂ ಮುಂಬುಟ್ಟಿಗೇ ಹೋಗೋಣ ಎಂದ. ಹೆಂಡತಿ ಯೋಚನೆ ಮಾಡಿ ಹೇಳಿದಳು. ಮೊದಲು ಮಾಗಿದ ಗೂಡು ಇದ್ದವರು ಮೊದಲು ಹೋಗಿರುತ್ತಾರೆ, ಮೊದಲು ಹೋದದ್ದಕ್ಕೆ ಗೂಡು ಮಾಗುವುದಿಲ್ಲವಲ್ಲ ಎಂದಳು. ಒಳಗಿನ ಹುಳ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮುಂಬುಟ್ಟಿಗೆ ಹೋಗೋಣ, ಇನ್ನೂ ಮೆತ್ತಗಿದ್ದರೆ ಹಿಂಬುಟ್ಟಿಗೆ ಎಂದಳು. ಮಾತು ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಒಳಗಿನ ಹುಳ ಮಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹೆಂಡತಿಗೆ ಒಂದು ದಾರಿ ಗೊತ್ತಿತ್ತು. ಅವಳ ಅವ್ವನೂ ಹಾಗೇ ಮಾಡುತ್ತಿದ್ದಳು. ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುವುದು. ಮಾಗಿದ್ದರೆ ಒಳಗಿನ ಹುಳ ಗೋಡೆಗೆ ತಾಗಿ ಟಕಟಕ ಎನ್ನುತ್ತದೆ. ರೈತ ಅಲ್ಲಾಡಿಸಿದ. ಟಕಟಕ ಎಂದಿತು. ಇನ್ನೊಂದು ಅಲ್ಲಾಡಿಸಿದ, ಎಂದ ಹಾಗೂ ಇತ್ತು, ಎನ್ನದ ಹಾಗೂ ಇತ್ತು. ಸದ್ದನ್ನು ನಂಬಿಕೊಂಡು ಹೊಳೆ ದಾಟುವುದೇ ಎಂದು ಅವನಿಗೆ ಅನ್ನಿಸಿತು. ಪಕ್ಕದ ಮನೆಯ ಮುದುಕನನ್ನು ಕೇಳಿದ. ಅವನು ನಿನ್ನ ಹೆಂಡತಿಯನ್ನು ಕೇಳು ಎಂದ. ಕೆಳಗಿನ ಕೇರಿಯ ಸಾಕಣೆದಾರನನ್ನು ಕೇಳಿದ. ಅವನೂ ಮುಂಬುಟ್ಟಿಗೆ ಹೋಗುವವನೇ ಆದ್ದರಿಂದ ನಿನಗೆ ಈ ಸಲ ಕಷ್ಟ ಎಂದ. ದಾರಿಯಲ್ಲಿ ಹೋಗುತ್ತಿದ್ದ ಕುರುಬನನ್ನು ಕೂಡ ಕೇಳಿದ. ಕುರುಬ ತನಗೆ ಉಣ್ಣೆಯ ವಿಷಯ ಮಾತ್ರ ಗೊತ್ತು ಎಂದು ಮುಂದೆ ಹೋದ.

ಮರುದಿನ ಮಧ್ಯಾಹ್ನ ಹೆಂಡತಿ ನೀರಿಗೆ ಹೋದಾಗ ರೈತ ಸೊಪ್ಪು ಹೆಚ್ಚುವ ಚೂರಿ ತೆಗೆದುಕೊಂಡು ಹುಳದ ಮನೆಗೆ ಹೋದ. ಒಂದೇ ಒಂದು ಗೂಡು ಕೊಯ್ದು ನೋಡುವುದು ಅವನ ಎಣಿಕೆ. ಗೂಡು ಎಂದರೆ ಹೊರಗಿನಿಂದ ಒಳಗಿನ ತನಕ ಒಂದೇ ಎಳೆ. ಒಂದು ಕಡೆ ಕೊಯ್ದರೆ ಆ ಎಳೆ ನೂರು ತುಂಡಾಗುತ್ತದೆ, ಆಮೇಲೆ ಯಾರಿಂದಲೂ ನೂಲು ಬಿಚ್ಚಲಾಗುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ಗೂಡಿನಲ್ಲಿ ಒಂದು ಹೋದರೆ ಏನು ಮಹಾ ಎಂದುಕೊಂಡ.

ಯಾವುದನ್ನು ಕೊಯ್ಯುವುದು? ಮೂಲೆಯಲ್ಲಿ ಒಂದು ತೆಳು ಗೂಡು ಇತ್ತು. ಅದರತ್ತ ಕೈ ಹೋಯಿತು, ಹಿಂದಕ್ಕೆ ಬಂತು. ಅದು ಕೆಟ್ಟದಾಗಿದ್ದರೆ ಎದೆ ಒಡೆಯುತ್ತದೆಯಲ್ಲ. ಹೆದರಿದವನ ಕೈ ಚೆನ್ನಾಗಿ ಕಂಡದ್ದಕ್ಕೇ ಹೋಗುವುದು. ಚಂದ್ರಿಕೆಯಲ್ಲಿ ಎಲ್ಲಕ್ಕಿಂತ ದುಂಡಗಿದ್ದ, ಎಲ್ಲಕ್ಕಿಂತ ಗಟ್ಟಿಯಾಗಿದ್ದ ಗೂಡನ್ನು ಆರಿಸಿ ತುದಿ ಕೊಯ್ದ. ಒಳಗಿನ ಹುಳ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ರೈತನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆಗಲೇ ಒಕ್ಕಲಾದ ಹಾಗೆ, ನೂಲಿನ ಮನೆಯವರು ಕರೆದು ಮಣೆ ಹಾಕಿದ ಹಾಗೆ ಮನಸ್ಸಿನಲ್ಲೇ ಮಂಡಿಗೆ ತಿಂದ. ಕೊಯ್ದ ಗೂಡನ್ನು ಅಟ್ಟದ ಮೇಲಿನ ಹಳೆಯ ಗಡಿಗೆಯಲ್ಲಿ ಹಾಕಿ ಮುಚ್ಚಿದ.

ಆ ಖುಷಿ ಸಂಜೆಯ ತನಕ ಇತ್ತು. ಸಂಜೆಯ ಹೊತ್ತಿಗೆ ಒಂದು ಅನುಮಾನ ಬಂತು. ಒಂದು ಗೂಡು ಮಾಗಿದ್ದರೆ ಉಳಿದವೂ ಮಾಗಿವೆ ಎಂದು ಏನು ಖಾತರಿ? ಬೆಳಗ್ಗೆ ಇನ್ನೊಂದು ಕೊಯ್ದ, ಮತ್ತೆ ಒಳ್ಳೆಯದೇ. ಎರಡು ಆದರೆ ಸಾಲದು ಎಂದು ಮೂರನೆಯದಕ್ಕೆ ಚೂರಿ ಹಾಕಿದ. ಅದರೊಳಗಿನ ಹುಳ ಇನ್ನೂ ಹಳದಿಯಾಗಿ ಮೆತ್ತಗಿತ್ತು. ರೈತನ ಜೀವ ಬಾಯಿಗೆ ಬಂತು. ಆ ಒಂದು ಮೆತ್ತನೆಯದರ ಭಯ ಕಳೆಯುವುದಕ್ಕೆ ಐದಾರು ಒಳ್ಳೆಯದನ್ನು ಕೊಯ್ಯಬೇಕಾಯಿತು. ತುರಿಕೆಯವನಿಗೆ ಕೆರೆದಾಗ ಸುಖ, ಬಿಟ್ಟಾಗ ಉರಿ. ಇವನಿಗೂ ಕೊಯ್ದಾಗ ಸಮಾಧಾನ, ಚೂರಿ ಕೆಳಗಿಟ್ಟರೆ ಚಿಂತೆ.

ಆಮೇಲೆ ಅವನು ಇನ್ನೂ ಜಾಣನಾದ. ಹೀಗೆ ಮನಸ್ಸಿಗೆ ಬಂದದ್ದನ್ನು ಕೊಯ್ದರೆ ಸರಿಯಾದ ಅಂದಾಜು ಸಿಗುವುದಿಲ್ಲ, ಒಂದು ಕ್ರಮ ಬೇಕು ಎಂದು ಪ್ರತಿ ಚಂದ್ರಿಕೆಯಿಂದ, ಪ್ರತಿ ಸುರುಳಿಯಿಂದ ಇಷ್ಟಿಷ್ಟು ಎಂದು ಗೊತ್ತು ಮಾಡಿಕೊಂಡ. ಒಳ್ಳೆಯದು ಬಂದರೆ ಸಂಭವ ಏರುತ್ತಿತ್ತು, ಮೆತ್ತನೆಯದು ಬಂದರೆ ಇಳಿಯುತ್ತಿತ್ತು. ಇಳಿದಾಗ ಏರಿಸಿಕೊಳ್ಳುವುದಕ್ಕೆ ಕೊಯ್ಯುತ್ತಿದ್ದ, ಏರಿದಾಗ ನಿಜವೇ ಎಂದು ನೋಡುವುದಕ್ಕೆ ಕೊಯ್ಯುತ್ತಿದ್ದ. ಕ್ರಮ ಏನೇ ಇರಲಿ, ಸುರುಳಿಯಲ್ಲಿ ಕಣ್ಣಿಗೆ ಚೆನ್ನಾಗಿ ಕಂಡದ್ದೇ ಮೊದಲು ಕೈಗೆ ಬರುತ್ತಿತ್ತು. ತೋಟಕ್ಕೆ ಹೋಗುವುದನ್ನೇ ಬಿಟ್ಟ. ಗಡಿಗೆ ತುಂಬುತ್ತಾ ಬಂತು.

ಚಂದ್ರಿಕೆಯಲ್ಲಿ ಅಲ್ಲಲ್ಲಿ ಬಯಲಾದದ್ದು ಹೆಂಡತಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಏನಾಯಿತು ಎಂದು ಕೇಳಿದಳು. ಇಲಿ ಇರಬೇಕು ಎಂದ ರೈತ. ಪಾಪ, ಅವಳು ನಂಬಿದಳು. ಹೌದಲ್ಲ, ಇಲಿಗೆ ಗೂಡಿನ ಒಳಗಿನ ಹುಳ ಎಂದರೆ ಪ್ರಾಣ. ನೆರೆಮನೆಯಿಂದ ಒಂದು ಬೆಕ್ಕು ತಂದು ಹುಳದ ಮನೆಯ ಬಾಗಿಲಲ್ಲಿ ಕಟ್ಟಿ, ಹೊಟ್ಟೆ ತುಂಬ ಹಾಲನ್ನ ಹಾಕಿದಳು. ಮರುದಿನ ಇನ್ನಷ್ಟು ಗೂಡು ಹೋಗಿತ್ತು. ಬೆಕ್ಕನ್ನು ಬೈದಳು. ರೈತನೂ ಬೈದ.

ಮುಂಬುಟ್ಟಿಯ ಹಿಂದಿನ ದಿನ ಗಂಡ ಹೆಂಡತಿ ಕೂತು ಗೂಡು ಬಿಡಿಸಿದರು. ಬಿಡಿಸಿ, ಮೇಲಿನ ಹತ್ತಿಯಂಥ ಸಿಕ್ಕು ತೆಗೆದು, ನೂಲಿನ ಮನೆಯ ಬುಟ್ಟಿಗೆ ತುಂಬಿದರು. ಬುಟ್ಟಿ ತುಂಬಲಿಲ್ಲ. ಅರ್ಧಕ್ಕೆ ಸ್ವಲ್ಪ ಮೇಲೆ ಬಂದು ನಿಂತಿತು. ಹೆಂಡತಿ ಒಂದೊಂದು ಗೂಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಅವಳು ದೃಷ್ಟಿ ತೆಗೆದಿದ್ದ ಆ ದುಂಡನೆಯ ಗೂಡುಗಳು ಅದರಲ್ಲಿ ಇರಲಿಲ್ಲ. ಇಲಿಗೆ ಅಷ್ಟು ಆಯ್ಕೆ ಇರುತ್ತದೆಯೇ ಎಂದು ಅವಳಿಗೆ ಆಗ ಅನ್ನಿಸಿತು. ಎದ್ದಳು. ಸುತ್ತ ನೋಡಿದಳು. ಅಟ್ಟದ ಮೇಲಿನ ಗಡಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.

ಗಡಿಗೆಯನ್ನು ತಂದು ಗಂಡನ ಮುಂದೆ ಸುರಿದಳು.

"ಬೆಕ್ಕು ಕಟ್ಟಿದ್ದು ತಪ್ಪಾಯಿತು. ನಿಮ್ಮನ್ನು ಕಟ್ಟಬೇಕಾಗಿತ್ತು," ಎಂದಳು.

ರೈತ ತಲೆ ಬಗ್ಗಿಸಿಕೊಂಡು ಕೂತಿದ್ದ. ಹಿಂಬುಟ್ಟಿಗೆ ಹೋಗೋಣವೆಂದರೆ ಇನ್ನು ಹೊಸ ಗೂಡು ಎಲ್ಲಿಂದ ಬರಬೇಕು? ಬುಟ್ಟಿ ಅವತ್ತು ತುಂಬದಿದ್ದರೆ ಯಾವತ್ತೂ ತುಂಬುವುದಿಲ್ಲ. ಕಡೆಗೆ ಅವರು ತೆಗೆದು ಬೇರೆ ಇಟ್ಟಿದ್ದ ತೆಳು ಗೂಡು, ಕಲೆ ಬಿದ್ದ ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಲ್ಲವನ್ನೂ ಸೇರಿಸಿ ಅಂಚಿನ ತನಕ ತುಂಬಿದರು. ಹೆಂಡತಿಗೆ ಮನಸ್ಸಿರಲಿಲ್ಲ. ಬರುವುದಿಲ್ಲ ಎಂದಳು. ಆಮೇಲೆ ಬುಟ್ಟಿಯನ್ನು ಅವನೊಬ್ಬನ ಕೈಗೆ ಬಿಡಲು ಧೈರ್ಯವಾಗದೆ ತಾನೇ ತಲೆಯ ಮೇಲೆ ಹೊತ್ತುಕೊಂಡಳು. ರೈತ ಕೊಯ್ದ ಗೂಡುಗಳನ್ನು ಒಂದು ಪಂಚೆಯಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡ. ಇವು ನನ್ನ ಸಾಕ್ಷಿ, ನೋಡಿದರೆ ಯಾರೂ ಇಲ್ಲ ಎನ್ನಲಾರರು ಎಂಬ ನಂಬಿಕೆ ಅವನಿಗೆ ಇನ್ನೂ ಇತ್ತು.

ನೂಲಿನ ಮನೆಯ ಅಂಗಳದಲ್ಲಿ ಜನ ಸಾಲಾಗಿ ಕೂತಿದ್ದರು. ಆ ಮನೆಯ ಯಜಮಾನಿ ಬುಟ್ಟಿಯಿಂದ ಬುಟ್ಟಿಗೆ ಬರುತ್ತಿದ್ದಳು. ಗೂಡುಗಳ ನಡುವೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಮೇಲಕ್ಕೆ ತಂದು ನೋಡುವಳು. ಅದರಲ್ಲಿ ಎರಡೋ ಮೂರೋ ಕೊಯ್ಯುವಳು. ಅಷ್ಟೇ. ರೈತನ ಸರದಿ ಬಂತು. ಅವನು ಬುಟ್ಟಿಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಯಜಮಾನಿ ಕೈ ಇಳಿಸಿ ಒಂದು ಹಿಡಿ ತೆಗೆದಳು. ಒಂದು ಜೋಡಿ ಗೂಡು, ಎರಡು ತೆಳು ಗೂಡು, ಉಳಿದವು ಸಾಧಾರಣ. ಅವಳಿಗೆ ಕೊಯ್ಯುವ ಅಗತ್ಯವೂ ಬೀಳಲಿಲ್ಲ. ತಲೆಯಾಡಿಸಿ ಮುಂದಿನ ಬುಟ್ಟಿಗೆ ಹೊರಟಳು.

ರೈತ ಎದ್ದು ಅಡ್ಡ ನಿಂತು ಪಂಚೆಯ ಗಂಟು ಬಿಚ್ಚಿದ. ತಾಯೀ, ಇವನ್ನು ನೋಡಿ, ಇವೂ ನನ್ನವೇ, ಒಂದೇ ಮೊಟ್ಟೆಯವು, ಒಂದೇ ಚಂದ್ರಿಕೆಯವು ಎಂದು ಗೋಗರೆದ. ಯಜಮಾನಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಒಂದನ್ನು ತೆಗೆದು ಬೆರಳಲ್ಲಿ ಒತ್ತಿದಳು. ಗೋಡೆಯ ದಪ್ಪ ನೋಡಿದಳು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಅವಳ ಮುಖ ಅರಳಿತು. ರೈತನ ಮುಖವೂ ಅರಳಿತು.

"ಈ ಬೆಳೆಯಲ್ಲಿ ಇಂಥ ಗೂಡು ನಮ್ಮ ಅಂಗಳಕ್ಕೆ ಬಂದಿಲ್ಲ. ಸಾಕಿದವರು ಯಾರು?" ಎಂದಳು.

"ನನ್ನ ಹೆಂಡತಿ, ತಾಯೀ. ಹಾಗಾದರೆ ಒಪ್ಪಿಕೊಳ್ಳುತ್ತೀರಾ?"

"ಏನನ್ನು ಒಪ್ಪಿಕೊಳ್ಳಲಿ ಅಣ್ಣ? ಎಳೆ ಎಲ್ಲಿದೆ? ಇವು ಬುಟ್ಟಿಯಲ್ಲಿ ಇದ್ದಿದ್ದರೆ ಎರಡು ಕೊಯ್ದು ನೋಡಿ ನಿಮಗೆ ಮಣೆ ಹಾಕುತ್ತಿದ್ದೆ. ಕೊಯ್ದು ನೋಡುವುದು ನನ್ನ ಕೆಲಸವಾಗಿತ್ತು."

ರೈತನ ಹೆಂಡತಿ ಗೂಡುಗಳನ್ನು ಪಂಚೆಗೆ ಹಾಕಿ ಗಂಟು ಕಟ್ಟಿದಳು, ಬುಟ್ಟಿಯನ್ನು ಅಲ್ಲಿಯವರಿಗೆ ಒಪ್ಪಿಸಿ ಅದರಲ್ಲಿದ್ದ ಗೂಡನ್ನು ಸೆರಗಿಗೂ ಚೀಲಕ್ಕೂ ಸುರಿದುಕೊಂಡಳು. ಯಜಮಾನಿಗೆ ಕೈ ಮುಗಿದಳು. ಹೊಳೆ ದಾಟುವಾಗ ಮಾತ್ರ ಅವಳಿಗೆ ಅಳು ಬಂತು. ರೈತನಿಗೂ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ದೈವವನ್ನು ದೂರೋಣವೆಂದರೆ, ತುತ್ತು ಚೆಲ್ಲಿದ್ದು ತನ್ನದೇ ಕೈ.

ಸಾಧಾರಣ ಗೂಡನ್ನು ಸಂತೆಯಲ್ಲಿ ಮಾರಿದರು. ಕೊಯ್ದ ಗೂಡಿನಿಂದ ಆಗುವುದು ಒಂದೇ ಕೆಲಸ. ಹೆಂಡತಿ ಅವನ್ನು ದಾರಕ್ಕೆ ಪೋಣಿಸಿ ಹಾರ ಮಾಡಿ ಬಾಗಿಲಿಗೆ ಕಟ್ಟಿದಳು. ಮನೆಗೆ ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರು. ರೈತ ಬಗ್ಗಿಕೊಂಡು ಒಳಗೆ ಹೋಗುತ್ತಿದ್ದ. ಮುಂದಿನ ಬೆಳೆಗೆ ಎಲ್ಲಿಂದಲೋ ಮೊಟ್ಟೆ ತಂದರು. ಹುಳ ಒಂದು ದೊಡ್ಡದು, ಒಂದು ಸಣ್ಣದು ಆಗತೊಡಗಿತು. ಹೆಂಡತಿ ಹೇಳಿದ ಮಾತಿಗೆ ತಪ್ಪಲಿಲ್ಲ. ಅದೇ ಕಡೆ, ಅವಳು ಮತ್ತೆ ಹುಳ ಮುಟ್ಟಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಪಾದನ ಮನಸ್ಸು ಇನ್ನೂ ನೂಲಿನ ಮನೆಯ ಅಂಗಳದಲ್ಲೇ ಇತ್ತು.

"ಬುದ್ಧಿ, ಹಾಗಾದರೆ ಆ ರೈತ ಮುಂಬುಟ್ಟಿಗೆ ಹೋಗಬೇಕಾಗಿತ್ತೋ, ಹಿಂಬುಟ್ಟಿಗೋ?" ಎಂದು ಕೇಳಿದ.

"ಅದನ್ನು ಆಮೇಲೆ ನೋಡೋಣ, ನಿನ್ನ ಬುಟ್ಟಿಯಲ್ಲಿ ಈಗ ಏನು ಉಳಿದಿದೆ, ಹೇಳು," ಎಂದರು ಸ್ವಾಮಿಗಳು.

ಗುರುಪಾದ ಕೈ ಮುಗಿದು ಎದ್ದು, ಕೆರೆಯ ದಡದ ಕಡೆಗೆ ನಡೆದ.